‘ಪೈರಾಲಿಸಿಸ್’ಗೆ ಕನ್ನಡದಲ್ಲಿ ಏನನ್ನಬೇಕು? ‘ಸುಡು’ ಸಲ್ಲುತ್ತದೆಯೇ?

ಪ್ರಶ್ನೆ: ಆಮ್ಲಜನಕ ತಾಕದಂತೆ ಪ್ಲಾಸ್ಟಿಕ್ ಕಸವನ್ನು ಕಾಯಿಸಿ ಎಣ್ಣೆ ತೆಗೆಯುವ ಕ್ರಿಯೆಗೆ ಸುಡುವುದು, ಕರಗಿಸುವುದು, ಬಟ್ಟಿ ಇಳಿಸುವುದು, ನಿರ್ವಾತದಲ್ಲಿ ಬೇಯಿಸುವುದು, ಉಷ್ಣವಿಭಜನೆ ಎಂದೆಲ್ಲ ಬರೆಯುತ್ತಾರೆ. ಘಟಕದ ಕೆಲಸಗಾರರಿಗೆ ಬರೆಯುವ ಕೈಪಿಡಿಗೆ ಇವುಗಳಲ್ಲಿ ಯಾವುದು ಸರಿ?

ಉತ್ತರ: ‘ಸುಡು’ ಬೇಡವೇ ಬೇಡ. ಹಾಗೆಂದು ಆ ಪದವೇ ತಪ್ಪೆಂದಲ್ಲ. ಇದ್ದಿಲು ಸುಡುತ್ತೇವೆ, ಸುಣ್ಣ ಸುಡುತ್ತೇವೆ, ಇಟ್ಟಿಗೆ ಸುಡುತ್ತೇವೆ; ಮೂರರಲ್ಲೂ ಬೇಕಾದ ವಸ್ತು ಉರಿದು ಬೂದಿಯಾಗುವುದಿಲ್ಲ. ಕಟ್ಟಿಗೆಯ ಮೇಲೆ ಮಣ್ಣು ಮುಚ್ಚಿ ಗಾಳಿ ತಡೆದು ಇದ್ದಿಲು ಮಾಡುವುದು ಪೈರಾಲಿಸಿಸ್ಸೇ. ಅದನ್ನೂ ಒಳಗೊಳ್ಳುವಷ್ಟು ಅಗಲವಾದ ಪದ ‘ಸುಡು’. ಆದರೆ ‘ಪ್ಲಾಸ್ಟಿಕ್ ಸುಟ್ಟರು’ ಎಂದರೆ ಯಾರಿಗಾದರೂ ಕಣ್ಣಿಗೆ ಕಟ್ಟುವುದು ಬಯಲ ಬೆಂಕಿ, ಕಪ್ಪು ಹೊಗೆ. ಇಲ್ಲಿ ಬೆಂಕಿ ಇರಬೇಕಾದದ್ದು ಪಾತ್ರೆಯ ಹೊರಗೆ. ಒಳಗೆ ಉರಿ ಹತ್ತಿತೆಂದರೆ ಅದು ಅಪಘಾತ. ಅದಕ್ಕಾಗಿಯೇ ಕಾಯಿಸುವ ಮೊದಲು ನೈಟ್ರೋಜನ್ ಹಾಯಿಸಿ ಒಳಗಿನ ಗಾಳಿಯನ್ನು ಹೊರದೂಡುತ್ತಾರೆ.

‘ಕರಗಿಸು’ ಇನ್ನೊಂದು ಬಗೆಯಲ್ಲಿ ದಾರಿ ತಪ್ಪಿಸುತ್ತದೆ. ಕೈಚೀಲಗಳ ಪ್ಲಾಸ್ಟಿಕ್ಕಾದ ಪಾಲಿಎಥಿಲೀನ್ ಸುಮಾರು 105ರಿಂದ 135 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ. ತಣಿಸಿದರೆ ಮತ್ತೆ ಪಾಲಿಎಥಿಲೀನೇ. ಅದರ ಅಣುವಿನ ಉದ್ದನೆಯ ಸರಪಳಿ ಕಡಿಯಲು ಸಾಮಾನ್ಯವಾಗಿ 400ರಿಂದ 500 ಡಿಗ್ರಿ ಬೇಕು. ಎಲ್ಲೆಂದರಲ್ಲಿ ಕಡಿದ ಆ ತುಂಡುಗಳಲ್ಲಿ ತೀರ ಗಿಡ್ಡವು ಅನಿಲವಾಗಿಯೇ ಉಳಿಯುತ್ತವೆ, ನಡುವಿನವು ತಣಿದು ಎಣ್ಣೆಯಾಗುತ್ತವೆ, ಉದ್ದವಾದವು ಮೇಣವಾಗುತ್ತವೆ.

‘ಬಟ್ಟಿ ಇಳಿಸು’ ಅರ್ಧ ನಿಜ. ಆವಿಯನ್ನು ತಣಿಸಿ ಎಣ್ಣೆ ಹಿಡಿಯುವ ಹಂತಕ್ಕೆ ಅದನ್ನು ಧಾರಾಳವಾಗಿ ಬಳಸಬಹುದು. ಆದರೆ ಬಟ್ಟಿ ಇಳಿಸುವುದೆಂದರೆ ಮೊದಲೇ ಇದ್ದದ್ದನ್ನು ಬೇರ್ಪಡಿಸುವುದು. ಪ್ಲಾಸ್ಟಿಕ್ಕಿನೊಳಗೆ ಎಣ್ಣೆ ಅಡಗಿ ಕೂತಿರುವುದಿಲ್ಲ, ಸರಪಳಿ ಕಡಿದಾಗಲೇ ಹುಟ್ಟುತ್ತದೆ. ಈ ಹಂತದ ಬಗ್ಗೆ ಕೈಪಿಡಿಯಲ್ಲಿ ಒಂದು ಎಚ್ಚರಿಕೆ ಇರಲಿ: ಮೊದಲ ತಣಿಸುವ ಕೊಳವೆ ಅತಿಯಾಗಿ ತಂಪಾದರೆ ಮೇಣ ಅಲ್ಲೇ ಗಟ್ಟಿಯಾಗಿ ದಾರಿ ಕಟ್ಟುತ್ತದೆ, ಹಿಂದಿನ ಪಾತ್ರೆಯಲ್ಲಿ ಒತ್ತಡ ಏರುತ್ತದೆ.

ಇವೆಲ್ಲಕ್ಕಿಂತ ಅಪಾಯದ ಪದ ‘ನಿರ್ವಾತ’. ಗಾಳಿ ಇಲ್ಲ ಎನ್ನುವುದೂ ಏನೂ ಇಲ್ಲ ಎನ್ನುವುದೂ ಒಂದಲ್ಲ. ಪಾತ್ರೆಯ ತುಂಬ ಆವಿ ಇರುತ್ತದೆ. ಸಾಮಾನ್ಯ ಘಟಕಗಳಲ್ಲಿ ಒಳಗಿನ ಒತ್ತಡವನ್ನು ಹೊರಗಿಗಿಂತ ತುಸು ಹೆಚ್ಚಾಗಿಯೇ ಇಡುತ್ತಾರೆ, ಎಲ್ಲಾದರೂ ಸಂದಿ ಬಿಟ್ಟರೆ ಗಾಳಿ ಒಳನುಗ್ಗಬಾರದೆಂದು. ಒತ್ತಡ ಇಳಿಸಿ ನಡೆಸುವ ವಿಧಾನ ಬೇರೆಯೇ ಇದೆ. ‘ನಿರ್ವಾತ’ ಅದಕ್ಕೇ ಮೀಸಲಿರಲಿ.

ಉಳಿದದ್ದು ‘ಉಷ್ಣವಿಭಜನೆ’. ವಿದ್ಯುತ್ತಿನಿಂದ ಒಡೆಯುವ ‘ವಿದ್ಯುದ್ವಿಭಜನೆ’ಯ ಜೊತೆಗೆ ಚೆನ್ನಾಗಿ ಕೂಡುತ್ತದೆ. ಕೊರತೆ ಒಂದೇ, ತೆರೆದ ಗೂಡಿನಲ್ಲಿ ಸುಣ್ಣಕಲ್ಲು ಒಡೆಯುವುದೂ ಉಷ್ಣವಿಭಜನೆಯೇ. ಆದ್ದರಿಂದ ಮೊದಲ ಸಲ ‘ಗಾಳಿರಹಿತ ಉಷ್ಣವಿಭಜನೆ’ ಎಂದು ಬರೆದು, ಮುಂದೆ ‘ಪೈರಾಲಿಸಿಸ್’ ಎಂದೇ ಇಡಿ. ಕ್ರಿಯಾಪದ ಬೇಕಾದಲ್ಲಿ ‘ಗಾಳಿ ತಾಕದಂತೆ ಕಾಯಿಸಿ ಒಡೆಯುವುದು’ ಎಂದರಾಯಿತು.

ಮತ್ತೊಂದು ಉತ್ತರ: ಮೇಲಿನದನ್ನು ಒಪ್ಪುತ್ತೇನೆ. ಆದರೆ ಎಲ್ಲ ಪ್ಲಾಸ್ಟಿಕ್ಕಿಗೂ ‘ಕಡಿಯುವುದು’ ಎನ್ನಲಾಗದು. ಅಕ್ರಿಲಿಕ್ ಹಾಳೆಯ ಸರಪಳಿ ತುದಿಯಿಂದ ಕೊಂಡಿ ಕೊಂಡಿಯಾಗಿ ‘ಬಿಚ್ಚಿಕೊಳ್ಳುತ್ತದೆ’, ಬಹುಪಾಲು ತನ್ನ ಮೂಲ ಅಣುವಿಗೇ ಮರಳುತ್ತದೆ. ನೀರಿನ ಪೈಪುಗಳ ಪ್ಲಾಸ್ಟಿಕ್ಕಾದ ಪಿವಿಸಿಯದು ಇನ್ನೊಂದು ಪರಿ: ಸರಪಳಿ ಮುರಿಯುವ ಮೊದಲೇ, ಸುಮಾರು 250ರಿಂದ 350 ಡಿಗ್ರಿಯಲ್ಲಿ, ಹೈಡ್ರೋಜನ್ ಕ್ಲೋರೈಡ್ ಅನಿಲ ಅದರಿಂದ ‘ಕಳಚಿಕೊಳ್ಳುತ್ತದೆ’. ಶುದ್ಧ ಪಿವಿಸಿಯ ತೂಕದಲ್ಲಿ ಶೇ. 57ರಷ್ಟು ಕ್ಲೋರಿನ್ನೇ ಇರುವುದರಿಂದ, ಸ್ವಲ್ಪ ಬೆರೆತರೂ ಕೊಳವೆಯ ಉಕ್ಕು ತಿಂದುಹೋಗುತ್ತದೆ, ಎಣ್ಣೆಯೂ ಕೆಡುತ್ತದೆ. ನೀರಿನ ಬಾಟಲಿಯ ಪಿಇಟಿ ಎಣ್ಣೆಯನ್ನು ಕೊಡುವುದೇ ಕಡಿಮೆ. ಅದರಿಂದ ಏಳುವ ಟೆರೆಫ್ತಾಲಿಕ್ ಆಮ್ಲ ತಂಪಾದ ಕಡೆ ಬಿಳಿ ಪುಡಿಯಾಗಿ ಕೂತು ಕೊಳವೆ ಮುಚ್ಚುತ್ತದೆ. ‘ಪಿವಿಸಿ, ಪಿಇಟಿ ಆರಿಸಿ ತೆಗೆಯಿರಿ’ ಎಂಬ ಸೂಚನೆಗೆ ಕಾರಣ ಇದು.

ಕೊನೆಯಲ್ಲಿ ಉಳಿಯುವುದನ್ನು ‘ಬೂದಿ’ ಎಂದು ಬರೆಯಬೇಡಿ, ‘ಕರಿ’ ಎನ್ನಿ. ಬೂದಿಯೆಂದರೆ ಉರಿದು ಮುಗಿದದ್ದು. ಇದರಲ್ಲಿ ಇಂಗಾಲ ಇನ್ನೂ ಉಳಿದಿರುತ್ತದೆ, ಬಿಸಿಯಿರುವಾಗ ಮುಚ್ಚಳ ತೆಗೆದರೆ ಗಾಳಿ ತಾಗಿ ಹೊತ್ತಿಕೊಳ್ಳಬಹುದು. ಅದು ಪಾತ್ರೆಯ ಗೋಡೆಗೆ ಪದರಗಟ್ಟುವುದಕ್ಕೆ ‘ತಳ ಹಿಡಿಯುವುದು’ ಎಂಬ ಮಾತೇ ಸಾಕು. ಆ ಪದರ ದಪ್ಪವಾದಷ್ಟೂ ಹೊರಗಿನ ಕಾವು ಒಳಗಿನ ಪ್ಲಾಸ್ಟಿಕ್ಕಿಗೆ ತಲುಪುವುದು ಕಡಿಮೆಯಾಗುತ್ತದೆ.