ಕೆರೆ ಏರಿಯ ವೀರಗಲ್ಲನ್ನು ಊರಿನ ವಸ್ತುಸಂಗ್ರಹಾಲಯಕ್ಕೆ ತರಬಹುದೇ?

ಪ್ರಶ್ನೆ (ರಾಜಾಜಿನಗರ ನಿವಾಸಿ):
ಉದ್ಯೋಗದ ನಿಮಿತ್ತ ಬೆಂಗಳೂರಿನಲ್ಲಿ ನೆಲೆಸಿರುವ ನಾನು ದೇವನಹಳ್ಳಿ ತಾಲ್ಲೂಕಿನವನು. ನಮ್ಮೂರಿನ ಹಳೆಯ ಶಾಲಾ ಕಟ್ಟಡದ ಎರಡು ಕೋಣೆಗಳಲ್ಲಿ ಸ್ಥಳೀಯ ಇತಿಹಾಸದ ಸಂಗ್ರಹಾಲಯವೊಂದನ್ನು ತೆರೆಯಲು ಹಿರಿಯರು ಮುಂದಾಗಿದ್ದಾರೆ. ಧಾನ್ಯ ಅಳೆಯುವ ಕೊಳಗ, ಸೇರು, ಪಾವುಗಳ ಜೊತೆಗೆ ಶಾನುಭೋಗರ ಮನೆತನದವರು ಕೊಟ್ಟ, ಬಟ್ಟೆಯ ಮೇಲೆ ಲೆಕ್ಕ ಬರೆದ ಕೆಲವು ಕಡತಗಳೂ ಬಂದು ಸೇರಿವೆ. ಕೆರೆ ಏರಿಯ ಮೇಲಿರುವ, ಅಕ್ಷರಗಳುಳ್ಳ ವೀರಗಲ್ಲನ್ನೂ ತಂದು ಬಾಗಿಲಲ್ಲಿ ನಿಲ್ಲಿಸಬೇಕೆಂಬುದು ಹಲವರ ಆಸೆ. ಇದು ಸರಿಯೇ? ಫಲಕಗಳಲ್ಲಿ ಏನನ್ನು ಬರೆಯಬೇಕು?

ಉತ್ತರ 1 (ಶಾಸನಾಸಕ್ತ, ಯಲಹಂಕ):
ದಯವಿಟ್ಟು ಕಲ್ಲನ್ನು ಕೀಳಬೇಡಿ. ಕೆರೆ, ಏರಿ, ಊರಬಾಗಿಲುಗಳ ನಡುವೆ ಅದು ನಿಂತಿರುವ ಜಾಗವೇ ಅದರ ಅರ್ಧ ಚರಿತ್ರೆಯನ್ನು ಹೇಳುತ್ತದೆ. ಅಲ್ಲಿಂದ ಎತ್ತಿದ ಮೇಲೆ ಉಳಿಯುವುದು ಬರಹ ಮಾತ್ರ. ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿ 'ಬೆಂಗಳೂರು' ಎಂಬ ಹೆಸರಿರುವ ಒಂಬತ್ತನೆಯ ಶತಮಾನದ ವೀರಗಲ್ಲನ್ನು ನೋಡಿದವರಿಗೆ ಈ ಮಾತು ಅರ್ಥವಾಗುತ್ತದೆ. ಮೇಲಾಗಿ, ನೂರು ವರ್ಷ ದಾಟಿದ ಶಿಲ್ಪ, ಶಾಸನಗಳು 1972ರ ಕಾಯ್ದೆಯ ಪ್ರಕಾರ ಪುರಾವಸ್ತುಗಳಾದ್ದರಿಂದ ಪುರಾತತ್ತ್ವ ಇಲಾಖೆಗೆ ತಿಳಿಸದೆ ಕೈ ಹಾಕುವುದು ತರವಲ್ಲ. ಮೊದಲು ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟವನ್ನು ತೆರೆದು ನೋಡಿ. 1905ರಲ್ಲಿ ಪ್ರಕಟವಾದ ಆ ಸಂಪುಟದಲ್ಲಿ ಅಂದಿನ ಬೆಂಗಳೂರು ಜಿಲ್ಲೆಯ ಶಾಸನಗಳು ತಾಲ್ಲೂಕುವಾರು ಕ್ರಮದಲ್ಲಿವೆ. ನಿಮ್ಮ ಕಲ್ಲು ಅಲ್ಲಿದ್ದರೆ ಪಾಠ ಸಿದ್ಧವಾಗಿದೆ ಎಂದೇ ಅರ್ಥ. ಇಲ್ಲದಿದ್ದರೆ ನಿಮ್ಮೂರಿನ ಅದೃಷ್ಟ, ಹೊಸ ಶಾಸನವೊಂದು ಸಿಕ್ಕಂತಾಯಿತು! ಶಾಸನಗಳ ಮೂರು ಆಯಾಮದ ಡಿಜಿಟಲ್ ಪ್ರತಿಗಳನ್ನು ಸಿದ್ಧಪಡಿಸುತ್ತಿರುವ ಮಿಥಿಕ್ ಸೊಸೈಟಿಯವರನ್ನು ಸಂಪರ್ಕಿಸಿ. ಪಡಿಯಚ್ಚು, ಛಾಯಾಚಿತ್ರ ಮತ್ತು ಕೆರೆಗೆ ದಾರಿ ತೋರಿಸುವ ನಕಾಶೆ ಕೋಣೆಯಲ್ಲಿದ್ದರೆ ಸಾಕು.

ಉತ್ತರ 2 (ನಿವೃತ್ತ ಅಧ್ಯಾಪಕಿ, ಬಸವನಗುಡಿ):
ತಾತ್ತ್ವಿಕವಾಗಿ ಒಪ್ಪುತ್ತೇನೆ. ಆದರೆ ಬಡಾವಣೆಗಳು ಏರಿಯವರೆಗೂ ಬಂದಿರುವ ಊರುಗಳಲ್ಲಿ ಜೆಸಿಬಿ ಯಾವ ಶಾಸನವನ್ನೂ ಓದುವುದಿಲ್ಲ. ಅಪಾಯ ನಿಜವಾಗಿಯೂ ಎದುರಿಗಿದ್ದರೆ, ಇಲಾಖೆಯ ಒಪ್ಪಿಗೆ ಪಡೆದು, ಮೂಲ ಸ್ಥಳವನ್ನೂ ಕಲ್ಲು ಮುಖ ಮಾಡಿದ್ದ ದಿಕ್ಕನ್ನೂ ದಾಖಲಿಸಿಕೊಂಡು ಸ್ಥಳಾಂತರಿಸುವುದೇ ಮೇಲು. ಫಲಕದ ವಿಷಯಕ್ಕೆ ಬಂದರೆ, 'ವೀರಗಲ್ಲು, ಹತ್ತನೆಯ ಶತಮಾನ' ಎಂದಷ್ಟೇ ಬರೆದರೆ ಮಕ್ಕಳು ನಿಲ್ಲದೆ ಮುಂದೆ ಹೋಗುತ್ತಾರೆ. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಶಾಸನವನ್ನು ನೋಡಿ: ಚೋಳರ ವಿರುದ್ಧದ ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನೆಂಬ ಯೋಧನು ಮೆಚ್ಚುಗೆಯಾಗಿ ಕಾಳಿ ಎಂಬ ನಾಯಿಯನ್ನೇ ಬೇಡಿ ಪಡೆದದ್ದು, ಆ ನಾಯಿ ಹಂದಿಯೊಡನೆ ಕಾದಾಡಿ ಎರಡೂ ಸತ್ತದ್ದು ಎಲ್ಲವೂ ಅದರಲ್ಲಿದೆ. ಈ ಕಥೆಯನ್ನು ನಾಲ್ಕು ಸಾಲಿನಲ್ಲಿ ಹೇಳಿದರೆ ಯಾರು ತಾನೇ ನಿಲ್ಲುವುದಿಲ್ಲ? ನಿಮ್ಮ ಕಲ್ಲಿನ ವೀರ ಯಾರೊಡನೆ, ಯಾತಕ್ಕಾಗಿ ಹೋರಾಡಿದನೆಂಬುದು ಮೊದಲು ಬರಲಿ, ಶತಮಾನ ಆಮೇಲೆ.

ಉತ್ತರ 3 (ಹಸ್ತಪ್ರತಿ ಸಂರಕ್ಷಣೆಯ ವಿದ್ಯಾರ್ಥಿ, ಮಲ್ಲೇಶ್ವರ):
ಎಲ್ಲರೂ ಕಲ್ಲಿನ ಬಗ್ಗೆಯೇ ಹೇಳಿದ್ದೀರಿ; ನನ್ನ ಆತಂಕವಿರುವುದು ಕಡತಗಳ ಬಗ್ಗೆ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿದ ಮೇಲೆ ಬಳಪದಿಂದ ಬರೆದ ಲೆಕ್ಕಗಳವು. ಒರೆಸಿ ಮತ್ತೆ ಬರೆಯಲೆಂದೇ ಮಾಡಿದವಾದ್ದರಿಂದ, ಧೂಳು ತೆಗೆಯುವ ಉತ್ಸಾಹದಲ್ಲಿ ಒದ್ದೆ ಬಟ್ಟೆ ತಾಗಿಸಿದರೆ ಬರಹವೇ ಅಳಿಸಿಹೋಗುತ್ತದೆ. ಪ್ರತಿ ಮಡಿಕೆಯ ಚಿತ್ರವನ್ನೂ ತೆಗೆದಿಟ್ಟು ಆಮೇಲೆ ಗಾಜಿನ ಪೆಟ್ಟಿಗೆಗೆ ಸೇರಿಸಿ. ಕೊಳಗದ ಅಳತೆ ಊರಿಂದ ಊರಿಗೆ ಬೇರೆಯಿರುತ್ತಿತ್ತು. ಆದ್ದರಿಂದ ನಿಮ್ಮಲ್ಲಿರುವ ಕೊಳಗಕ್ಕೆ ರಾಗಿ ತುಂಬಿಸಿ, ಅದು ಎಷ್ಟು ಲೀಟರ್ ಹಿಡಿಯುತ್ತದೆಂದು ಅಳೆದು, ಕೊಳಗ ಕೊಟ್ಟ ಮನೆಯವರ ಒಪ್ಪಿಗೆಯಿದ್ದರೆ ಅವರ ಹೆಸರಿನೊಂದಿಗೆ ಆ ಅಂಕಿಯನ್ನು ಬರೆದಿಡಿ.