ಅಜ್ಜನ ಶೆಡ್ಡಿನಲ್ಲಿದ್ದ 1953ರ ಲಾಂಚಾ ಔರೇಲಿಯಾ ಬಿ20: ಬಲಗಡೆ ಸ್ಟಿಯರಿಂಗ್ ಯಾಕೆ? ಇದರ ಚರಿತ್ರೆ ಹುಡುಕೋದು ಹೇಗೆ?

ಮಂಡ್ಯ_ಟು_ಟುರಿನ್

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದವನು. ಓದಲು ಅಂತ ಇಟಲಿಯ ಟುರಿನ್‌ಗೆ ಬಂದು ಇಲ್ಲೇ ಉಳಿದೆ. ಹೆಂಡತಿಯ ಊರು ಕೂನಿಯೋ ಹತ್ತಿರ. ಅವಳ ಅಜ್ಜ ತೀರಿಕೊಂಡ ಮೇಲೆ ಹಳ್ಳಿಮನೆಯ ಶೆಡ್ಡಿನಲ್ಲಿದ್ದ ಅವರ ಕಾರು ನಮ್ಮ ಪಾಲಿಗೆ ಬಂದಿದೆ. ಲಾಂಚಾ ಔರೇಲಿಯಾ ಬಿ20 ಜಿಟಿ, ಎರಡೂವರೆ ಲೀಟರ್ ವಿ6. ಲಿಬ್ರೆಟ್ಟೊದಲ್ಲಿ, ಅಂದರೆ ಇಲ್ಲಿನ ಆರ್‌ಸಿ ಪುಸ್ತಕದಲ್ಲಿ, 1953 ಅಂತ ಬರೆದಿದೆ. ಅಜ್ಜ ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದರಂತೆ. ಎಪ್ಪತ್ತರ ದಶಕದಿಂದ ರಸ್ತೆಗೆ ಇಳಿದಿಲ್ಲ. 'ಸಿಎನ್' ಅಂತ ಶುರುವಾಗುವ ಕಪ್ಪು ನಂಬರ್ ಪ್ಲೇಟ್ ಇನ್ನೂ ಇದೆ.

ಮನೆಯಲ್ಲಿ ಇದರದ್ದೇ ಮಾತು. ಸ್ಟಿಯರಿಂಗ್ ಬಲಗಡೆ ಇರೋದರಿಂದ ಕಾರು ಇಂಗ್ಲೆಂಡಿನಿಂದ ವಾಪಸ್ ಬಂದದ್ದು, ಹಾಗಾಗಿ ಬೆಲೆ ಕಡಿಮೆ ಅಂತ ಹೆಂಡತಿಯ ಚಿಕ್ಕಪ್ಪ ಹೇಳುತ್ತಾರೆ. ಇನ್ನೊಂದು, ಇದರ ಗೇರ್ ಲಿವರ್ ನೆಲದ ಮೇಲಿದೆ. ನೋಡಲು ಬಂದಿದ್ದ ರಿಪೇರಿಯವರೊಬ್ಬರು, ಇದು ಕಂಪನಿಯದಲ್ಲ, ಕಿತ್ತು ಹಾಕಿ ಸ್ಟಿಯರಿಂಗ್ ಪಕ್ಕದ ಗೇರ್ ಹಾಕಿಸಿ, ಎಂಜಿನ್ ಈ ವಾರವೇ ಸ್ಟಾರ್ಟ್ ಮಾಡಿಕೊಡುತ್ತೇನೆ, ಪೂರ್ತಿ ಪೇಂಟ್ ಕೂಡ ಹೊಡೆಸಿಬಿಡಿ ಅಂದರು. ನನಗೆ ಯಾಕೋ ಧೈರ್ಯ ಬರುತ್ತಿಲ್ಲ. ಎಂಜಿನ್ ಕೈಯಲ್ಲಿ ತಿರುಗಿಸಿದರೆ ತಿರುಗುತ್ತದೆ. ಅಜ್ಜನಿಗಿಂತ ಮೊದಲು ಇದು ಯಾರ ಹತ್ತಿರ ಇತ್ತು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಜೆಸಿ_ರಸ್ತೆ_ಫಿಯಟ್

ಲಾಂಚಾ ನಾನು ಕಣ್ಣಾರೆ ಕಂಡಿಲ್ಲ. ಬೆಂಗಳೂರಲ್ಲಿ ಫಿಯಟ್ 1100 ಮತ್ತು ಪದ್ಮಿನಿ ಕೆಲಸ ಮಾಡಿಕೊಂಡೇ ಬಂದವನು. ಆದರೂ ಒಂದು ಮಾತು ಖಂಡಿತ ಹೇಳಬಲ್ಲೆ. ಇಷ್ಟು ವರ್ಷ ನಿಂತ ಎಂಜಿನ್ನನ್ನು ಬ್ಯಾಟರಿ ಕೊಟ್ಟು ಸ್ಟಾರ್ಟ್ ಮಾಡಬೇಡಿ. ಕೈಯಲ್ಲಿ ತಿರುಗುತ್ತದೆ ಅಂದರೆ ಜಾಮ್ ಆಗಿಲ್ಲ ಅಂತ ಅಷ್ಟೇ ಅರ್ಥ. ಆಯಿಲ್ ಮೇಲೆ ಹೋಗುತ್ತದೆ ಅಂತ ಅಲ್ಲ. ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರ್‌ಗೂ ಸ್ವಲ್ಪ ತೆಳು ಎಣ್ಣೆ ಬಿಟ್ಟು, ಹಾಗೇ ಇರಲಿ ಬಿಡಿ.

ಸ್ಟಿಯರಿಂಗ್ ಪಕ್ಕದ ಗೇರ್ ಬಗ್ಗೆ ಕೇಳಿದಿರಿ. ನಮ್ಮ ಪದ್ಮಿನಿಯದೂ ಅದೇ ಅಲ್ವಾ. ರಾಡ್‌ಗಳ ಬುಶ್ ಸವೆಯದಿದ್ದರೆ ಎರಡು ಬೆರಳಲ್ಲಿ ಬೀಳುತ್ತದೆ. ಕೆಟ್ಟ ವ್ಯವಸ್ಥೆಯೇನಲ್ಲ. ಆದರೆ ನಿಮ್ಮದರಲ್ಲಿ ನೆಲದ ಗೇರ್ ಯಾರು ಹಾಕಿದ್ದು, ಯಾವಾಗ ಹಾಕಿದ್ದು ಅಂತ ತಿಳಿಯುವವರೆಗೆ ಬಿಚ್ಚಬೇಡಿ.

ಕೊವೆಂಟ್ರಿ_ಸಾಗರ

ನಾನು ಸಾಗರದವನು, ಬಹಳ ವರ್ಷದಿಂದ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿದ್ದೇನೆ. ನನ್ನ ಹತ್ತಿರ 1955ರ ನಾಲ್ಕನೇ ಸೀರೀಸ್ ಬಿ20 ಇದೆ. ನಿಮ್ಮ ಪೋಸ್ಟ್ ಓದಿ ರಾತ್ರಿಯೆಲ್ಲ ಅದೇ ತಲೆಯಲ್ಲಿತ್ತು. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಮೊದಲು ಬಲಗಡೆ ಸ್ಟಿಯರಿಂಗ್ ವಿಷಯ. ಚಿಕ್ಕಪ್ಪನ ಮಾತು ಬಿಡಿ. ಲಾಂಚಾ ಕಂಪನಿ 1906ರಲ್ಲಿ ಶುರುವಾದಾಗಿಂದ 1950ರ ದಶಕದವರೆಗೂ ತನ್ನ ಕಾರುಗಳನ್ನು ಇಟಲಿಯಲ್ಲೇ ಬಲಗಡೆ ಸ್ಟಿಯರಿಂಗ್ ಇಟ್ಟು ಮಾರಿತು. ಅದರ ಹಳೆಯ ಮಾದರಿಗಳಾದ ಲ್ಯಾಂಬ್ಡಾ, ಏಪ್ರಿಲಿಯಾ ಎಲ್ಲ ಹಾಗೇ. ಇಟಲಿಯಲ್ಲಿ ಗಾಡಿ ಹೋಗೋದು ರಸ್ತೆಯ ಬಲಕ್ಕೆ. ಆಲ್ಪ್ಸ್ ಘಟ್ಟದಲ್ಲಿ ಬಲಗಡೆ ಕೂತವನಿಗೆ ರಸ್ತೆಯ ಅಂಚು, ಅದರಾಚೆಯ ಪ್ರಪಾತ ಎರಡೂ ಚೆನ್ನಾಗಿ ಕಾಣುತ್ತವೆ. ದೊಡ್ಡ ಕಾರಿಗೆ ಬಲಗಡೆ ಸ್ಟಿಯರಿಂಗೇ ಗೌರವ ಅನ್ನೋ ಭಾವನೆಯೂ ಆಗ ಇತ್ತು. ಔರೇಲಿಯಾದಲ್ಲಿ ಎಡಗಡೆ ಸ್ಟಿಯರಿಂಗ್ ಮಾಮೂಲಾದದ್ದು 1954ರ ನಾಲ್ಕನೇ ಸೀರೀಸಿನಿಂದ. ಅಂಥವುಗಳ ಹೆಸರಿಗೆ 'ಎಸ್' ಸೇರಿಸಿದರು, ಇಟಾಲಿಯನ್ನಿನಲ್ಲಿ ಎಡಕ್ಕೆ 'ಸಿನಿಸ್ತ್ರಾ' ಅಂತಾರೆ. ನಿಮ್ಮದು 1953ರ ಎರಡೂವರೆ ಲೀಟರ್ ಅಂದರೆ ಮೂರನೇ ಸೀರೀಸ್. ಬಲಗಡೆ ಇರೋದೇ ಸರಿ. ಇಂಗ್ಲೆಂಡಿಗೆ ಅಂತ ಮಾಡಿದ್ದಾಗಿದ್ದರೆ ಸ್ಪೀಡೋಮೀಟರ್ ಮೈಲಿಯಲ್ಲಿರುತ್ತಿತ್ತು. ಅದನ್ನು ನೋಡಿ ಹೇಳಿ.

ಸೀರೀಸ್ ಖಾತ್ರಿ ಮಾಡಿಕೊಳ್ಳಲು ಟಾರ್ಚ್ ಹಿಡಿದು ಹಿಂದಿನ ಚಕ್ರಗಳ ನಡುವೆ ನೋಡಿ. ನನ್ನದರಲ್ಲಿ ಎರಡೂ ಚಕ್ರಗಳನ್ನು ಸೇರಿಸುವ ಬಾಗಿದ ಕೊಳವೆ ಇದೆ. ಅದು ಡಿ ಡಿಯೋನ್ ಆಕ್ಸಲ್, ನಾಲ್ಕನೇ ಸೀರೀಸಿನಲ್ಲಿ ಬಂದದ್ದು. ನಿಮ್ಮದರಲ್ಲಿ ಅದು ಇರಬಾರದು. ಪ್ರತಿ ಚಕ್ರಕ್ಕೂ ಓರೆಯಾದ ಬೇರೆ ಬೇರೆ ತೋಳು ಇರಬೇಕು. ಕೆಳಗೆ ನುಗ್ಗಿದಾಗ ಗೇರ್‌ಬಾಕ್ಸ್ ಕೂಡ ನೋಡಿಬಿಡಿ. ಕ್ಲಚ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಹಿಂದಿನ ಬ್ರೇಕ್ ಡ್ರಮ್, ಎಲ್ಲವೂ ಹಿಂದೆ ಒಂದೇ ಕಡೆ ಸೇರಿವೆ. ಕ್ಲಚ್ ಹಿಂದೆ ಇರೋದರಿಂದ ಕಾರು ನಿಂತಿದ್ದರೂ ಪ್ರೊಪೆಲರ್ ಶಾಫ್ಟ್ ಎಂಜಿನ್ ಜೊತೆ ತಿರುಗುತ್ತಲೇ ಇರುತ್ತದೆ. ಅದರ ರಬ್ಬರ್ ಜಾಯಿಂಟ್ ಹಳತಾಗಿ ಬಿರುಕು ಬಿಟ್ಟಿದ್ದರೆ ಸೀಟಿನ ಕೆಳಗೆ ನಡುಕ ಶುರುವಾಗುತ್ತದೆ. ಅವನ್ನು ಬದಲಾಯಿಸದೆ ಓಡಿಸಬೇಡಿ.

ಈಗ ಎಂಜಿನ್. ಮಾರಾಟಕ್ಕೆ ಅಂತ ಸಾಲಾಗಿ ತಯಾರಾದ ಮೊದಲ ವಿ6 ಇದೇ. ಫ್ರಾಂಚೆಸ್ಕೊ ಡಿ ವಿರ್ಜಿಲಿಯೋ ಯುದ್ಧದ ವರ್ಷಗಳಲ್ಲೇ ಇದರ ಲೆಕ್ಕ ಹಾಕಿದ್ದರು. ಮೊದಲು ಆಲ್ಫಾ ರೋಮಿಯೋದಲ್ಲಿದ್ದ ವಿಟ್ಟೋರಿಯೋ ಯಾನೋ ಅವರ ಕೈಕೆಳಗೆ 1950ರಲ್ಲಿ ಔರೇಲಿಯಾ ಹೊರಬಂತು. ವಿ6 ಅಲುಗಾಡದೆ ಓಡುವುದು ಕಷ್ಟ ಅಂತ ಎಲ್ಲರೂ ಬಿಟ್ಟಿದ್ದ ಕಾಲ ಅದು. ಸಿಲಿಂಡರ್‌ಗಳ ಎರಡು ಸಾಲುಗಳ ನಡುವೆ 60 ಡಿಗ್ರಿ ಇಟ್ಟು ಅವರು ಅದನ್ನು ಸಾಧಿಸಿದರು. ಬ್ಲಾಕ್ ಅಲ್ಯೂಮಿನಿಯಂ, ಒಳಗೆ ಕಬ್ಬಿಣದ ಲೈನರ್, ಸುತ್ತ ನೀರು. ವರ್ಷಗಟ್ಟಲೆ ಬರೀ ನೀರು ನಿಂತಿದ್ದರೆ ಅಲ್ಯೂಮಿನಿಯಂ ತಿಂದುಹೋಗಿರುತ್ತದೆ. ಜೊತೆಗೆ ಮೂರನೇ ಸೀರೀಸಿನವರೆಗೆ ಬೇರಿಂಗ್‌ಗಳು ವೈಟ್ ಮೆಟಲ್ ಅನ್ನುವ ಮೆತ್ತನೆಯ ಮಿಶ್ರಲೋಹ ಕರಗಿಸಿ ಎರಕ ಹೊಯ್ದಂಥವು. ಬದಲಿಸಬಹುದಾದ ಶೆಲ್ ಬೇರಿಂಗ್ ನಾಲ್ಕನೆಯದಕ್ಕೆ ಬಂತು. ನಿಮ್ಮ ಎಂಜಿನ್ ಆಯಿಲ್ ಇಲ್ಲದೆ ಒಂದು ನಿಮಿಷ ಓಡಿದರೂ ಆ ಎರಕ ಹೋಗುತ್ತದೆ. ಅದನ್ನು ಮತ್ತೆ ಹೊಯ್ಯಬಲ್ಲವರು ತೀರಾ ಕಡಿಮೆ. ಈ ವಾರವೇ ಸ್ಟಾರ್ಟ್ ಮಾಡಿಕೊಡುತ್ತೇನೆ ಅಂದವರನ್ನು ದಯವಿಟ್ಟು ಶೆಡ್ಡಿನ ಹತ್ತಿರ ಬಿಡಬೇಡಿ. ಸಂಪ್, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿ ಇಳಿಸಿ, ಕೆಸರು ತೆಗೆದು, ಆಯಿಲ್ ದಾರಿಗಳನ್ನು ತೊಳೆದ ಮೇಲೆಯೇ ಮುಂದಿನ ಮಾತು.

ಇನ್ನು ನೆಲದ ಗೇರ್. ಲಿವರ್ ಬುಡದಲ್ಲಿ ಅಥವಾ ಅದರ ಪ್ಲೇಟಿನ ಮೇಲೆ 'ನಾರ್ಡಿ' ಅಂತ ಇದೆಯೇ ನೋಡಿ. ಟುರಿನ್‌ನ ಎನ್ರಿಕೊ ನಾರ್ಡಿಯವರ ಕಾರ್ಖಾನೆ ಆಗಲೇ ಔರೇಲಿಯಾಗೆ ನೆಲದ ಗೇರ್ ಕಿಟ್, ಎರಡು ಕಾರ್ಬ್ಯುರೇಟರ್‌ನ ಮ್ಯಾನಿಫೋಲ್ಡ್ ಮಾಡಿ ಮಾರುತ್ತಿತ್ತು. ಬಿ20 ಕೊಂಡವರು ರೇಸಿಗೆ, ರ‍್ಯಾಲಿಗೆ ಹೋಗುವ ಜನ. 1951ರ ಮಿಲ್ಲೆ ಮಿಲ್ಯಾ ಅನ್ನುವ ಇಟಲಿಯ ರಸ್ತೆ ರೇಸಿನಲ್ಲಿ ಜೊವಾನ್ನಿ ಬ್ರಾಕ್ಕೊ ಮತ್ತು ಉಂಬೆರ್ತೊ ಮಾಲ್ಯೋಲಿ ಎರಡೇ ಲೀಟರ್‌ನ ಬಿ20ಯಲ್ಲಿ ಒಟ್ಟಾರೆ ಎರಡನೇ ಸ್ಥಾನಕ್ಕೆ ಬಂದರು. ಮುಂದೆ ಇದ್ದದ್ದು 4.1 ಲೀಟರ್‌ನ ಫೆರಾರಿ. 1954ರಲ್ಲಿ ಲೂಯಿ ಶಿರೋನ್ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದದ್ದೂ ಔರೇಲಿಯಾದಲ್ಲೇ. ಅಂಥ ಕಾಲದಲ್ಲಿ ಮೊದಲ ಮಾಲೀಕನೇ ನಾರ್ಡಿ ಗೇರ್ ಹಾಕಿಸಿದ್ದರೆ ಅದು ಈ ಕಾರಿನ ಬಾಳಿನ ಭಾಗ. ಫ್ಯಾಕ್ಟರಿಯಿಂದ ಹೊರಬಂದ ದಿನ ಹೇಗಿತ್ತೋ ಹಾಗೇ ಮಾಡುತ್ತೇವೆ ಅಂತ ನಂತರದ್ದನ್ನೆಲ್ಲ ಕಿತ್ತೆಸೆಯುವುದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಹೀಗೆ ಎಷ್ಟೋ ಒಳ್ಳೆಯ ಕಾರುಗಳ ಗುರುತೇ ಅಳಿಸಿಹೋಗಿದೆ. ಹಳೆಯ ಗೇರಿನ ರಾಡ್‌ಗಳು ಶೆಡ್ಡಿನ ಯಾವುದಾದರೂ ಪೆಟ್ಟಿಗೆಯಲ್ಲಿದ್ದರೆ ಜೋಪಾನ ಮಾಡಿ, ಕಾರಿನ ಜೊತೆಗೇ ಇರಲಿ.

ಪೇಂಟ್ ಕೂಡ ಮುಟ್ಟಬೇಡಿ. ನನ್ನ ಕಾರು ಬಂದಾಗ ಕೆಂಪಗಿತ್ತು. ಡಿಕ್ಕಿಯ ಅಂಚಿನ ರಬ್ಬರ್ ಎತ್ತಿ, ಬೆರಳುಗುರಿನಷ್ಟು ಜಾಗವನ್ನು ತೀರಾ ನಯವಾದ ವಾಟರ್ ಪೇಪರಿನಿಂದ, ಅಂದರೆ ನೀರು ಹಚ್ಚಿ ಉಜ್ಜುವ ಮರಳುಕಾಗದದಿಂದ, ಓರೆಯಾಗಿ ಉಜ್ಜಿದೆ. ಮೇಲೆ ಕೆಂಪು, ಅದರ ಕೆಳಗೆ ತೆಳ್ಳಗೆ ಹಸಿರು, ಅದರ ಕೆಳಗೆ ಬೂದು ಪ್ರೈಮರ್, ಮತ್ತೆ ಅದರ ಕೆಳಗೆ ಮಾಸಿದ ನೀಲಿ. ಒಂದರೊಳಗೊಂದು ಉಂಗುರದಂತೆ ಕಂಡವು. ನೀಲಿಯೇ ಹುಟ್ಟುಬಣ್ಣ ಅಂತ ಆಮೇಲೆ ಲಾಂಚಾದವರು ಕೊಟ್ಟ ಪತ್ರದಲ್ಲೂ ಬಂತು. ಪೂರ್ತಿ ಕೆರೆದು ಪೇಂಟ್ ಹೊಡೆಸಿದರೆ ಈ ಸಾಕ್ಷಿ ಮತ್ತೆ ಸಿಗುವುದಿಲ್ಲ.

ಚರಿತ್ರೆ ಹುಡುಕಲು ನೀವು ಇರುವ ಊರಿಗಿಂತ ಒಳ್ಳೆಯ ಜಾಗ ಇಲ್ಲ. ಬಾನೆಟ್ ಎತ್ತಿ, ಎಂಜಿನ್ ಹಿಂದಿನ ಗೋಡೆಯಲ್ಲಿ ಹೊಡೆದಿರುವ ಚಾಸಿ ನಂಬರ್, ಬ್ಲಾಕಿನ ಮೇಲಿನ ಎಂಜಿನ್ ನಂಬರ್ ಎರಡರ ಫೋಟೋ ತೆಗೆಯಿರಿ. ಸೀಮೆಎಣ್ಣೆ ಬಟ್ಟೆಯಲ್ಲಿ ಮೆತ್ತಗೆ ಒರೆಸಿ ಸಾಕು. ವೈರ್ ಬ್ರಷ್ ಬೇಡ, ಅಂಕಿ ಸವೆದರೆ ನಂಬುವವರು ಇರುವುದಿಲ್ಲ. ಆ ನಂಬರ್ ಹಿಡಿದು ಲಾಂಚಾದ ಹಳೆಯ ದಾಖಲೆ ಕಾಯುವ ವಿಭಾಗಕ್ಕೆ, ಕಾರಿನ ಮೂಲ ತಿಳಿಸುವ ಪ್ರಮಾಣಪತ್ರ ಬೇಕು ಅಂತ ಅರ್ಜಿ ಹಾಕಿ. ಅದು ಟುರಿನ್‌ನ ಮಿರಾಫಿಯೋರಿಯಲ್ಲೇ ಇದೆ, 2019ರಲ್ಲಿ ತೆರೆದ ಹೆರಿಟೇಜ್ ಹಬ್. ನನ್ನ ಪತ್ರದಲ್ಲಿ ತಯಾರಾದ ದಿನ, ಎಂಜಿನ್ ನಂಬರ್, ಬಣ್ಣ, ಮೊದಲು ಕಳಿಸಿದ ಊರು ಇದ್ದವು.

ಅದರ ನಂತರದ ಕಥೆ ಸಿಗೋದು ಪಿಆರ್‌ಎ ಅನ್ನುವ ಸರ್ಕಾರಿ ವಾಹನ ದಾಖಲೆಯಲ್ಲಿ. 1927ರಿಂದ ಇದೆ, ನಡೆಸೋದು ಎಸಿಐ, ಅಂದರೆ ಇಟಲಿಯ ಆಟೊಮೊಬೈಲ್ ಕ್ಲಬ್. ಪ್ಲೇಟ್ ನಂಬರ್ ಕೊಟ್ಟು 'ಎಸ್ತ್ರಾತ್ತೊ ಕ್ರೊನೊಲೊಜಿಕೊ', ಅಂದರೆ ಕಾಲಾನುಕ್ರಮದ ದಾಖಲೆ ಪ್ರತಿ ಕೇಳಿ. ಮಾಲೀಕರ ಹೆಸರು ಸಾಲಾಗಿ ಬರುತ್ತವೆ. ಇಷ್ಟು ಹಳೆಯದು ಕೈಬರಹದ ಪುಸ್ತಕದಲ್ಲಿರುತ್ತದೆ, ತಡವಾಗಬಹುದು. ಒಂದು ವಿಷಯ ನೆನಪಿಡಿ. ಆಗ ಕಾರು ಒಂದು ಪ್ರಾಂತ್ಯದಿಂದ ಇನ್ನೊಂದಕ್ಕೆ ಹೋದರೆ ನಂಬರ್ ಪ್ಲೇಟ್ ಬದಲಾಗುತ್ತಿತ್ತು. ಹಾಗಾಗಿ 'ಸಿಎನ್' ಅಂದರೆ ಕಾರು ಕೂನಿಯೋದಲ್ಲಿ ಹುಟ್ಟಿತು ಅಂತ ಅಲ್ಲ, ಕೊನೆಗೆ ಅಲ್ಲಿ ಇತ್ತು ಅಂತ. ಹಿಂದಿನ ಪ್ಲೇಟ್ ನಂಬರ್ ಸಿಕ್ಕರೆ ಅದನ್ನು ಹಿಡಿದು ಮತ್ತೆ ಹಿಂದಕ್ಕೆ ಹೋಗಬೇಕು.

ಮಂಡ್ಯ_ಟು_ಟುರಿನ್

ಸಾಗರ ಅವರೇ, ಹೇಗೆ ಧನ್ಯವಾದ ಹೇಳಲಿ ಗೊತ್ತಾಗುತ್ತಿಲ್ಲ. ಶನಿವಾರ ಹೋಗಿ ನೋಡಿ ಬಂದೆವು. ಸ್ಪೀಡೋಮೀಟರ್ ಕಿಲೋಮೀಟರಿನಲ್ಲೇ ಇದೆ. ಹಿಂದೆ ಬಾಗಿದ ಕೊಳವೆ ಇಲ್ಲ. ಲಿವರ್ ಬುಡದ ಪ್ಲೇಟಿನಲ್ಲಿ 'ನಾರ್ಡಿ' ಸ್ಪಷ್ಟವಾಗಿದೆ. ಚಾಸಿ ನಂಬರ್ ಲಿಬ್ರೆಟ್ಟೊಗೆ ಸರಿಹೊಂದಿತು.

ಪಿಆರ್‌ಎ ಪತ್ರಕ್ಕೂ ಅರ್ಜಿ ಹಾಕಿದ್ದೆ, ಅದು ಇವತ್ತು ಬಂತು. ಅಜ್ಜನಿಗಿಂತ ಹಿಂದೆ ಜೆನೋವಾದ ಪ್ಲೇಟ್ ಇತ್ತಂತೆ. ಅಂದರೆ ಕಾರು ಸಮುದ್ರದ ಕಡೆಯಿಂದ ಬಂದದ್ದು. ಹೆಂಡತಿ ಅದನ್ನು ಓದಿ ಅಮ್ಮನಿಗೆ ಫೋನ್ ಮಾಡಿದಳು. ಅಜ್ಜ ಜೆನೋವಾ ಬಂದರಿನಲ್ಲಿ ಕೆಲವು ಕಾಲ ಕೆಲಸದಲ್ಲಿದ್ದದ್ದು ಆಗ ನೆನಪಿಗೆ ಬಂತು. ಆದರೆ ಪತ್ರದ ಕೊನೆಯಲ್ಲಿ 'ರಾದಿಯಾತೊ ದುಫೀಚೊ' ಅಂತ ಇದೆ. ಟ್ಯಾಕ್ಸ್ ಕಟ್ಟದೆ ದಾಖಲೆಯಿಂದ ತೆಗೆದುಹಾಕಿದ್ದಾರೆ ಅಂತ ಕಾಣುತ್ತದೆ. ಇನ್ನು ರಸ್ತೆಗೆ ಇಳಿಸಲು ಆಗುವುದೇ ಇಲ್ವಾ? ಇಲ್ಲಿ ತೊಂದರೆಯಾದರೆ ಮೈಸೂರಿಗೆ ತರಬಹುದಾ ಅಂತ ಅಪ್ಪ ಕೇಳುತ್ತಿದ್ದಾರೆ.

ಕೊವೆಂಟ್ರಿ_ಸಾಗರ

ಹೆದರಬೇಡಿ, ಅದು ಕಾರಿನ ಸಾವಲ್ಲ. ಇಟಲಿಯ ರಸ್ತೆ ಕಾನೂನಿನ 60ನೇ ವಿಧಿ ಚಾರಿತ್ರಿಕ ವಾಹನಗಳಿಗೆ ಅಂತಲೇ ಇದೆ. ಅದರಲ್ಲಿ ಎಎಸ್‌ಐ ಅನ್ನುವ ಹಳೆಯ ವಾಹನಗಳ ಸಂಸ್ಥೆಯ ಜೊತೆಗೆ ಲಾಂಚಾ, ಫಿಯಟ್, ಆಲ್ಫಾ ರೋಮಿಯೋ ಮತ್ತು ಎಫ್‌ಎಂಐ (ಮೋಟಾರ್‌ಸೈಕಲ್ ಒಕ್ಕೂಟ) ರಿಜಿಸ್ಟರ್‌ಗಳ ಹೆಸರಿದೆ. ಇವುಗಳಲ್ಲಿ ಒಂದರಲ್ಲಿ ಕಾರು ದಾಖಲಾಗಿ ಪ್ರಮಾಣಪತ್ರ ಸಿಕ್ಕರೆ, ಮತ್ತೆ ನೋಂದಣಿಗೆ ಅದೇ ದಾರಿ. ಅದಕ್ಕೂ ನಿಮ್ಮ ಫೋಟೋ, ನಂಬರ್, ಪತ್ರಗಳೇ ಬೇಕು. ಹಾಗಾಗಿ ಈಗ ಮಾಡುತ್ತಿರುವ ಕೆಲಸ ಯಾವುದೂ ವ್ಯರ್ಥವಲ್ಲ. ಕಪ್ಪು ಪ್ಲೇಟ್ ಮತ್ತು ಹಳೆ ಲಿಬ್ರೆಟ್ಟೊ ಮಾತ್ರ ಯಾರ ಕೈಗೂ ಕೊಡಬೇಡಿ, ಯಾವ ಕಚೇರಿಯಲ್ಲಿ ಕೇಳಿದರೂ ಮೊದಲು ಕಾರಣ ತಿಳಿದುಕೊಳ್ಳಿ.

ಮೈಸೂರಿನ ಆಸೆ ಅರ್ಥವಾಗುತ್ತದೆ, ಬಲಗಡೆ ಸ್ಟಿಯರಿಂಗ್ ಬೇರೆ. ಆದರೆ ಇಟಲಿಯ ಕಾನೂನಿನಲ್ಲಿ 75 ವರ್ಷ ದಾಟಿದ ವಾಹನ ಸಂಸ್ಕೃತಿ ಆಸ್ತಿಯ ಪಟ್ಟಿಗೆ ಸೇರುತ್ತದೆ, ಹೊರಗೆ ಕಳಿಸಲು ಅನುಮತಿ ಬೇಕು. ನಿಮ್ಮದು 2028ಕ್ಕೆ ಆ ವಯಸ್ಸಿಗೆ ಬರುತ್ತದೆ. ನನ್ನನ್ನು ಕೇಳಿದರೆ ಅದು ಅಲ್ಲೇ ಇರಲಿ. ಜೆನೋವಾದಿಂದ ಕೂನಿಯೋಗೆ ಹೋಗುವ ಘಟ್ಟದ ರಸ್ತೆಗೇ ಮಾಡಿದ ಕಾರು ಅದು. ಅಪ್ಪನನ್ನೇ ಅಲ್ಲಿಗೆ ಕರೆಸಿಕೊಳ್ಳಿ.

ಜೆಸಿ_ರಸ್ತೆ_ಫಿಯಟ್

ಓದುತ್ತಾ ಓದುತ್ತಾ ನನಗೇ ಅಲ್ಲಿಗೆ ಬರೋಣ ಅನ್ನಿಸಿಬಿಟ್ಟಿತು. ಸಂಪ್ ಇಳಿಸುವಾಗ ಬೋಲ್ಟ್‌ಗಳನ್ನು ಒಂದು ರಟ್ಟಿನ ಮೇಲೆ ಅದೇ ಕ್ರಮದಲ್ಲಿ ಚುಚ್ಚಿಡಿ, ಉದ್ದ ಬೇರೆ ಬೇರೆ ಇದ್ದರೆ ಆಮೇಲೆ ತಲೆ ಕೆಡುತ್ತದೆ. ಕೆಸರನ್ನು ಚೆಲ್ಲುವ ಮೊದಲು ಬಿಳಿ ಬಟ್ಟೆಯಲ್ಲಿ ಸೋಸಿ. ಬೆಳ್ಳಿಯಂಥ ಹೊಳೆಯುವ ಚೂರು ಕಂಡರೆ ಸಾಗರ ಅವರು ಹೇಳಿದ ವೈಟ್ ಮೆಟಲ್ ಆಗಲೇ ಬಿಡುತ್ತಿದೆ ಅಂತ. ಕಂಡರೂ ಕಾಣದಿದ್ದರೂ ಫೋಟೋ ಇಲ್ಲಿ ಹಾಕಿ.