‘ಅಂಗವೈಕಲ್ಯ’ ಎಂದರೆ ಕೈ ಹೋದದ್ದೋ, ಕಸುಬು ಹೋದದ್ದೋ?

ಎಲ್ಲರಿಗೂ ನಮಸ್ಕಾರ.

ನಮ್ಮ ಬೀದಿಯ ಬಡಗಿಯೊಬ್ಬರು ಮೋಟಾರು ವಾಹನ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಸಲ್ಲಿಸಬೇಕಾದ ಪ್ರಮಾಣಪತ್ರವನ್ನು (ಅಫಿಡವಿಟ್) ಕನ್ನಡದಲ್ಲಿ ಬರೆದುಕೊಡಲು ಅವರ ವಕೀಲರಿಗೆ ನೆರವಾಗುತ್ತಿದ್ದೇನೆ. ಸರಕಿನ ಟೆಂಪೊ ಒಂದು ಅವರ ಸ್ಕೂಟರಿಗೆ ಬಡಿದು, ಎಡಗೈಯನ್ನು ಮಣಿಕಟ್ಟಿನ ಮೇಲಕ್ಕೆ ಕತ್ತರಿಸಿ ತೆಗೆಯಬೇಕಾಯಿತು. ಚಾಲಕನ ತಪ್ಪನ್ನು ಹೇಳುವುದಕ್ಕೆ ಪದದ ಕೊರತೆಯಿಲ್ಲ. ‘ಅತಿವೇಗ ಮತ್ತು ಅಜಾಗರೂಕತೆಯಿಂದ’ ಎಂಬ ಮಾತು ಪೊಲೀಸರ ದೂರಿನಿಂದಲೇ ಸಿದ್ಧವಾಗಿ ಬರುತ್ತದೆ. ಉತ್ತರ ಕರ್ನಾಟಕದವರು ಅದನ್ನೇ ‘ನಿಷ್ಕಾಳಜಿ’ ಎನ್ನುತ್ತಾರೆ. ನಾನು ಸಿಕ್ಕಿಕೊಂಡಿರುವುದು ಬಡಗಿ ಕಳೆದುಕೊಂಡದ್ದನ್ನು ಹೇಳುವ ಪದದಲ್ಲಿ.

ಆ ಅಂಗಕ್ಕೆ ಎಷ್ಟು ಊನವಾಗಿದೆ, ಇಡೀ ದೇಹಕ್ಕೆ ಲೆಕ್ಕ ಹಾಕಿದರೆ ಎಷ್ಟು, ಆ ವ್ಯಕ್ತಿ ಮಾಡುತ್ತಿದ್ದ ಕಸುಬಿನಲ್ಲಿ ದುಡಿಯುವ ಶಕ್ತಿ ಎಷ್ಟು ಹೋಗಿದೆ ಎಂಬ ಮೂರನ್ನು ಕಾನೂನು ಬೇರೆಬೇರೆಯಾಗಿ ನೋಡುತ್ತದೆ. ಮೊದಲ ಎರಡನ್ನು ವೈದ್ಯರು ಹೇಳುತ್ತಾರೆ. ಮೂರನೆಯದನ್ನು ಸಾಕ್ಷ್ಯದ ಆಧಾರದ ಮೇಲೆ ನ್ಯಾಯಮಂಡಳಿಯೇ ನಿರ್ಧರಿಸಬೇಕು. ಎಡಗೈ ಕಳೆದುಕೊಂಡವನು ಚಾಲಕನೋ ಬಡಗಿಯೋ ಆಗಿದ್ದರೆ ಅವನ ಗಳಿಕೆಯ ಸಾಮರ್ಥ್ಯ ಹೆಚ್ಚುಕಡಿಮೆ ಪೂರ್ತಿಯಾಗಿ ಹೋದಂತೆ, ಸರ್ಕಾರಿ ಗುಮಾಸ್ತನಾಗಿದ್ದರೆ ನೌಕರಿ ಉಳಿಯಬಹುದು ಎಂದು ಸುಪ್ರೀಂ ಕೋರ್ಟ್ 2010ರ ತೀರ್ಪೊಂದರಲ್ಲಿ ಬಿಡಿಸಿ ಹೇಳಿದೆ. ಅದಕ್ಕೂ ಮೊದಲು, 1970ರ ದಶಕದಲ್ಲೇ, 1923ರ ಕಾರ್ಮಿಕರ ಪರಿಹಾರ ಕಾಯಿದೆಯಡಿ ಬಂದ ಬಡಗಿಯೊಬ್ಬರ ಪ್ರಕರಣದಲ್ಲಿ, ಒಂದೇ ಕೈಯಲ್ಲಿ ಬಡಗಿ ಕೆಲಸ ಸಾಧ್ಯವಿಲ್ಲವಾದ್ದರಿಂದ ಅದು ಭಾಗಶಃ ಅಲ್ಲ, ಸಂಪೂರ್ಣ ಅಸಾಮರ್ಥ್ಯ ಎಂದು ಅದೇ ಕೋರ್ಟ್ ಒಪ್ಪಿಕೊಂಡಿತ್ತು.

ಕನ್ನಡದಲ್ಲಿ ನಾವು ಈ ಮೂರಕ್ಕೂ ‘ಅಂಗವೈಕಲ್ಯ’ ಎಂದೇ ಬರೆಯುತ್ತೇವೆ. ಪದದ ಒಳಗೇ ‘ಅಂಗ’ ಕುಳಿತಿರುವುದರಿಂದ ಓದುವವರ ಗಮನ ಕೈಗೆ ಹೋಗಿ ನಿಲ್ಲುತ್ತದೆ, ಕಸುಬಿನವರೆಗೆ ಬರುವುದೇ ಇಲ್ಲ. ಅರ್ಜಿದಾರರ ವಯಸ್ಸು 38, ತಿಂಗಳ ಗಳಿಕೆ 15,000 ರೂಪಾಯಿ. ಪರಿಹಾರದ ಲೆಕ್ಕಕ್ಕೆ ವರ್ಷದ ಗಳಿಕೆಯನ್ನು ಗುಣಿಸುವ ಸಂಖ್ಯೆ, ಅಂದರೆ ಗುಣಕ, ಈ ವಯಸ್ಸಿಗೆ 15. ವರ್ಷದ 1,80,000ವನ್ನು 15ರಿಂದ ಗುಣಿಸಿದರೆ 27 ಲಕ್ಷ. ಉಳಿದ ಬಾಬುಗಳನ್ನು ಬದಿಗಿಟ್ಟು ನೋಡಿದರೂ, ಇಡೀ ದೇಹಕ್ಕೆ ಶೇಕಡಾ 20 ಎಂಬ ವೈದ್ಯರ ಅಂಕಿಯನ್ನೇ ಹಿಡಿದರೆ ಅವರಿಗೆ ಸಿಗುವುದು 5,40,000. ಕಸುಬು ಪೂರ್ತಿ ಹೋಯಿತೆಂದು ಒಪ್ಪಿದರೆ 27 ಲಕ್ಷ. ಇಷ್ಟು ಅಂತರವಿರುವ ಎರಡು ಸಂಗತಿಗಳಿಗೆ ಒಂದೇ ಪದ ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೂರನೆಯದಕ್ಕೆ ‘ಕಾರ್ಯಾತ್ಮಕ ಅಂಗವೈಕಲ್ಯ’ ಎಂಬ ಅನುವಾದವಿದೆ. ಅದನ್ನು ಓದಿ ಹೇಳಿದಾಗ ಬಡಗಿ ಸುಮ್ಮನೆ ತಲೆಯಾಡಿಸಿದರು. ಪ್ರಮಾಣ ಮಾಡಿ ಸಹಿ ಹಾಕುವವರಿಗೇ ಅರ್ಥವಾಗದ ಮಾತನ್ನು ಅವರ ಬಾಯಲ್ಲಿ ಇಡುವುದು ಸರಿಯಲ್ಲ. ಆಮೇಲೆ ನಾನು ಏನು ಕೇಳುತ್ತಿದ್ದೇನೆಂದು ವಿವರಿಸಿದಾಗ, ಅವರು ಮೂಲೆಯಲ್ಲಿದ್ದ ಕೊಡತಿಯನ್ನು ಬಲಗೈಯಲ್ಲಿ ಎತ್ತಿ, ಎಡತೋಳಿನ ಮೊಂಡನ್ನು ಹಲಗೆಯ ಮೇಲೆ ಊರಿ, “ಹೊಡೆಯೋ ಕೈ ಇದೆ ಸ್ವಾಮಿ, ಉಳಿ ಹಿಡಿಯೋ ಕೈ ಇಲ್ಲ” ಎಂದರು. ಆ ಮಾತನ್ನು ಪ್ರಮಾಣಪತ್ರದಲ್ಲಿ ಹಾಗೆಯೇ ಬರೆದಿದ್ದೇನೆ. ಆದರೂ ಶೇಕಡಾವಾರು ಅಂಕಿಯ ಪಕ್ಕದಲ್ಲಿ ನಿಲ್ಲುವ ಹೆಸರೊಂದು ಬೇಕೇ ಬೇಕು.

ನನಗೆ ಹೊಳೆದಿರುವವು ಎರಡು. ಒಂದು, ‘ದುಡಿಮೆಯ ನಷ್ಟ’. ಇದು ಎಲ್ಲರಿಗೂ ತಿಳಿಯುತ್ತದೆ. ಆದರೆ ಆಸ್ಪತ್ರೆಯಲ್ಲಿದ್ದ ತಿಂಗಳುಗಳಲ್ಲಿ ತಪ್ಪಿದ ಸಂಪಾದನೆ ಬೇರೆಯೇ ಬಾಬಾಗಿ ಸೇರುವುದರಿಂದ, ಎರಡೂ ಒಂದೇ ಎಂದು ಎದುರುದಾರರ ಕಡೆಯವರು ವಾದಿಸಲು ಎಡೆಯಾದೀತು. ಇನ್ನೊಂದು, ‘ದುಡಿಮೆಯ ಕುಂದು’. ‘ದುಡಿಯುವ ಶಕ್ತಿ ಕುಂದಿದೆ’ ಎಂದು ನಾವು ಹೇಗೂ ಆಡುವುದರಿಂದ ಇದು ಸಹಜವಾಗಿದೆ, ‘ಅಂಗ’ದ ಸೆಳೆತವೂ ಇಲ್ಲ. ನನ್ನ ಅಳುಕೆಂದರೆ, ಕುಂದುವುದು ಎಂದರೆ ಕಡಿಮೆಯಾಗುವುದು. ಏನೋ ಒಂದಿಷ್ಟು ಉಳಿದಿದೆ ಎಂಬ ಧ್ವನಿ ಅದರಲ್ಲಿದೆ. ‘ನೂರಕ್ಕೆ ನೂರು ಕುಂದು’ ಎಂದು ಬರೆದರೆ ಕಿವಿಗೆ ಒಗ್ಗುತ್ತದೆಯೇ? ‘ಊನ’ವನ್ನು ಈ ಜಾಗಕ್ಕೆ ತರಲು ನನಗೆ ಮನಸ್ಸಿಲ್ಲ; ಅದನ್ನು ಮನುಷ್ಯನಿಗೇ ಅಂಟಿಸಿ ನೋಯಿಸುವ ರೂಢಿ ಬಹಳ ಹಳೆಯದು.

ಕನ್ನಡದಲ್ಲೇ ಬರೆದ ನ್ಯಾಯಮಂಡಳಿಯ ತೀರ್ಪುಗಳನ್ನು ಓದಿದವರು, ಕಾರ್ಮಿಕ ಇಲಾಖೆಯ ಕಡತಗಳಲ್ಲಿ ಪಳಗಿದವರು ಇಲ್ಲಿದ್ದರೆ, ಅಂಗದ ಊನಕ್ಕೂ ದುಡಿಯುವ ಸಾಮರ್ಥ್ಯದ ನಷ್ಟಕ್ಕೂ ಬೇರೆಬೇರೆ ಪದ ಬಳಸಿದ್ದನ್ನು ಎಲ್ಲಿಯಾದರೂ ಕಂಡಿದ್ದೀರಾ ಎಂದು ದಯವಿಟ್ಟು ತಿಳಿಸಿ. ಸದ್ಯಕ್ಕೆ ಕರಡಿನಲ್ಲಿ “ಬಡಗಿ ಕಸುಬಿನಲ್ಲಿ ದುಡಿಯುವ ನನ್ನ ಸಾಮರ್ಥ್ಯ ಶೇಕಡಾ 100ರಷ್ಟು ಹೋಗಿರುತ್ತದೆ” ಎಂದು ಬಿಡಿಸಿಯೇ ಬರೆದಿಟ್ಟಿದ್ದೇನೆ.